ಬೊಂತೆಯ ಹೊಟ್ಟೆಗೆ ಹಿಡಿ ರಾಗಿ

ನಮ್ಮ ಅತ್ತೆಯ ಬಾಯಿಂದ ‘ಚೆಂದಾಗದೆ’ ಎಂಬ ಮಾತು ಹೊರಬಿದ್ದದ್ದನ್ನು ಮೂವತ್ತೊಂದು ವರ್ಷದಲ್ಲಿ ನಾನು ಎರಡೇ ಸಲ ಕೇಳಿದ್ದೆ. ಮೊದಲನೆಯದು ಎದುರುಮನೆಯವರು ಹೊಸದಾಗಿ ತಂದು ಕಟ್ಟಿದ ಎಮ್ಮೆಗೆ ಸಂದಿತು. ಎರಡನೆಯದು ಮೈಸೂರಿನಲ್ಲಿ ತೆಗೆಸಿದ ಅವರದೇ ಮಂಡಿಯ ಎಕ್ಸ್‌ರೇಗೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಮೂಳೆ ಎಲ್ಲಿ ಸವೆದಿದೆ ಎಂದು ತೋರಿಸುತ್ತಿದ್ದರೆ, ಅತ್ತೆ ತಲೆ ಓರೆ ಮಾಡಿ ನೋಡಿ, ಚೆಂದಾಗದೆ ಎಂದರು. ನನ್ನ ಪಾಲಿಗೆ ಬರುತ್ತಿದ್ದ ಪ್ರಶಸ್ತಿಗಳೇ ಬೇರೆ. ಸಾರು ಮಾಡಿ ಬಡಿಸಿದರೆ ‘ಉಪ್ಪು ಬಿದ್ದದೆ’. ರವಿಕೆ ಹೊಲಿದು ಕೊಟ್ಟರೆ ‘ತೋಳು ಎರಡೂ ಅವೆ’. ಇವೆಲ್ಲ ಹೊಗಳಿಕೆಯೇ ಎಂದು ಅರ್ಥ ಮಾಡಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು.

ನಾನು ಹುಣಸೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಹೊಲಿಯುವವಳು. ರವಿಕೆ, ಫಾಲು, ಪಿಕೋ, ಬೆಳೆದ ಮಕ್ಕಳ ಯೂನಿಫಾರಂ ಉದ್ದ ಬಿಡುವುದು, ತೆಳ್ಳಗಾದ ಮದುಮಗಳ ಜಾಕೀಟು ಹಿಡಿಯುವುದು, ಎಲ್ಲ ಮಾಡುತ್ತೇನೆ. ಹೊಲಿಗೆ ವಿಷಯದಲ್ಲಿ ನನಗೆ ಜಂಬವಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಮುಂಗೋಪವೂ ಇದೆ. ದಾರ ತುಂಡಾದರೆ ಮಿಷನ್ನಿಗೆ ಬೈಯುತ್ತೇನೆ. ರವಿಕೆ ಬಿಗಿಯಾಯಿತು ಎಂದು ಯಾರಾದರೂ ಬಂದರೆ, ನೀವು ದಪ್ಪಗಾಗಿದ್ದೀರಿ ಎಂದು ಮುಖಕ್ಕೇ ಹೇಳಿಬಿಡುತ್ತೇನೆ. ಆದರೂ ಅವರು ಮತ್ತೆ ಬರುತ್ತಾರೆ, ಯಾಕೆಂದರೆ ನನ್ನ ಗೆರೆ ನೆಟ್ಟಗಿರುತ್ತದೆ.

ನಮ್ಮ ಯಜಮಾನರದು ಬಜಾರಿನಲ್ಲಿ ಗೋಣಿತಾಟು, ಹುರಿ, ದಬ್ಬಳದ ಅಂಗಡಿ. ಹೊಗೆಸೊಪ್ಪಿನ ಬೇಲು ಕಟ್ಟುವ ಕಾಲದಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಉಳಿದ ಕಾಲದಲ್ಲಿ ಮಾಡಲು ಕೆಲಸವಿರುವುದಿಲ್ಲ, ಆಗ ನನ್ನ ಹೊಲಿಗೆಗೆ ಸಲಹೆ ಕೊಡುತ್ತಾರೆ. ಅವರ ಸಲಹೆ ಯಾವಾಗಲೂ ಒಂದೇ. ಏನೇ ಕಷ್ಟ ಹೇಳಿಕೊಂಡರೂ, ದಬ್ಬಳ ತಂದುಕೊಡಲಾ ಎಂದು ಕೇಳುತ್ತಾರೆ. ದಬ್ಬಳವೆಂದರೆ ಗೋಣಿಚೀಲ ಹೊಲಿಯುವ ಗೇಣುದ್ದದ ಸೂಜಿ. ಅದರಲ್ಲಿ ರವಿಕೆಗೆ ಹುಕ್ಸು ಹಾಕು ಎಂದು ಹೇಳಿದ ಮಹಾನುಭಾವರು ಅವರು.

ಅತ್ತೆ ಕಟ್ಟೆಮಳಲವಾಡಿಯಲ್ಲಿ ಹುಟ್ಟಿ ಬೆಳೆದವರು. ಉತ್ತು ಬಿತ್ತುವುದೆಲ್ಲ ಗೊತ್ತು, ಮಿಷನ್ ಮಾತ್ರ ಜನ್ಮದಲ್ಲಿ ಮುಟ್ಟಿಲ್ಲ. ಅವರಿಗೆ ಬರುವ ಹೊಲಿಗೆ ಒಂದೇ, ಬೊಂತೆ. ಪುಸ್ತಕ ಓದಿದವರು ಕೌದಿ ಎನ್ನುವುದನ್ನು ನಮ್ಮ ಮನೆಯಲ್ಲಿ ಬೊಂತೆ ಎನ್ನುತ್ತೇವೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಎಲ್ಲ ಒಟ್ಟಿಗೆ ಹಿಡಿಯುವ ಹಾಗೆ ದಾರ ಓಡಿಸಿದ ಹಾಸಿಗೆ. ನಮ್ಮ ಮನೆಯ ಕೂಸುಗಳಿಗೆ ಹೆಸರಿಡುವ ದಿನ ತೊಟ್ಟಿಲಲ್ಲಿ ಅತ್ತೆಯ ಬೊಂತೆ ಇರಲೇಬೇಕು. ಕೂಸನ್ನು ಅದರ ಮೇಲೆ ಇಳಿಸುವವರೂ ಅತ್ತೆಯೇ. ನನ್ನ ಮಗಳು, ಮೈದುನನ ಮಕ್ಕಳು, ನಾದಿನಿಯ ಮಕ್ಕಳು ಎಲ್ಲರೂ ಹಾಗೆ ಮಲಗಿದವರೇ.

ಅದಕ್ಕೆ ಅವರದೇ ಕಾನೂನುಗಳಿದ್ದವು. ಸೀರೆ ಯಾರದೆಂದು ವಿಚಾರಿಸದೆ ಕತ್ತರಿ ಹಾಕುತ್ತಿರಲಿಲ್ಲ. ನಮ್ಮ ದೊಡ್ಡತ್ತೆಯ ಒಳ್ಳೆಯ ಮೆತ್ತನೆಯ ಸೀರೆಯೊಂದನ್ನು, ಅದರಲ್ಲಿ ಮಲಗಿದ ಕೂಸು ಬಾಯಿ ಮುಚ್ಚುವುದಿಲ್ಲ ಎಂದು ತೆಗೆದು ಪಕ್ಕಕ್ಕಿಟ್ಟಿದ್ದನ್ನು ನಾನೇ ಕಂಡಿದ್ದೇನೆ. ಹೊಲಿಗೆ ಅಂಚಿನಿಂದ ಶುರುವಾಗಬೇಕು. ಸುತ್ತು ಹಾಕುತ್ತಾ ಹಾಕುತ್ತಾ ಒಳಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಬೊಂತೆಯ ಹೊಟ್ಟೆ, ಅದರ ಮೇಲಿನ ತುಂಡಿನ ಒಂದು ಬದಿಯನ್ನು ಹೊಲಿಯದೆ ಬಿಟ್ಟರೆ ಅದೇ ಬಾಯಿ. ಆ ಹೊಟ್ಟೆಗೆ ಒಂದು ಹಿಡಿ ರಾಗಿ ತುಂಬಿ ಬಾಯಿ ಹೊಲಿದರೆ ಕೆಲಸ ಮುಗಿಯಿತು. ಹಸಿದ ಬೊಂತೆಯ ಮೇಲೆ ಮಲಗಿದ ಕೂಸಿಗೆ ಹಸಿವು ತೀರುವುದಿಲ್ಲ ಎಂಬುದು ಅವರ ನಂಬಿಕೆ.

ನನ್ನ ಮಗಳು ಬಾಣಂತನಕ್ಕೆ ಬಂದು ಹೆಣ್ಣು ಹೆತ್ತಳು. ಅಷ್ಟರಲ್ಲಿ ಅತ್ತೆಯ ಕೈ ನಡುಗಲು ಶುರುವಾಗಿ ವರ್ಷವಾಗಿತ್ತು. ಕಾಫಿ ಲೋಟವನ್ನು ಅರ್ಧ ತುಂಬಿಸಿಯೇ ಕೊಡುತ್ತಿದ್ದೆವು. ಆದರೂ ಅವರು ಸೀರೆಗಳನ್ನು ಹಾಸಿಕೊಂಡು ಕೂತರು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಮಧ್ಯಾಹ್ನದವರೆಗೆ ತಲೆಯೆತ್ತದೆ ಹೊಲಿದು, ಊಟಕ್ಕೆಂದು ಎದ್ದರೆ ಬೊಂತೆಯೂ ಜೊತೆಗೇ ಎದ್ದಿತು. ಉಟ್ಟ ಸೀರೆಯ ನೆರಿಗೆಯನ್ನೇ ಸೇರಿಸಿ ಹೊಲಿದಿದ್ದರು. ಮಗಳು ಕಿಸಕ್ಕೆಂದು ನಕ್ಕಳು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ನಾನು ಹೊಲಿಗೆ ಬಿಚ್ಚುವವರೆಗೂ ಗೋಡೆ ನೋಡುತ್ತಾ ನಿಂತಿದ್ದು, ಆಮೇಲೆ ಹಸಿವಿಲ್ಲ ಎಂದು ಹೋಗಿ ಮಲಗಿದರು.

ಮಾರನೆಯ ದಿನ ನಾನೇ ಹೇಳಿದೆ. ಈ ಬೊಂತೆಯನ್ನು ಮಿಷನ್ನಿನಲ್ಲಿ ನಾನು ಹೊಲಿಯುತ್ತೇನೆ, ನೀವು ಕೂತು ಹೇಳಿಕೊಡಿ ಎಂದೆ. ಅತ್ತೆ ನನ್ನನ್ನೂ ಮಿಷನ್ನನ್ನೂ ಒಂದೇ ಸಲಕ್ಕೆ ನೋಡಿದರು.

“ಮಿಷನ್ನಾಗೆ ಹೊಲ್ದ್ರೆ ಬೊಂತೆ ಆಗಾಕಿಲ್ಲ ಕಣವ್ವ, ಬೆಡ್‌ಶೀಟ್ ಆಯ್ತದೆ. ಬೆಡ್‌ಶೀಟ್ ಹಾಸಿದ ತೊಟ್ಲ ನಾನು ಮುಟ್ಟಾಕಿಲ್ಲ.”

ಇದು ಬರೀ ಮಾತಲ್ಲ. ಅತ್ತೆ ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ. ಮೂರನೆಯ ತಿಂಗಳಿಗೆ ಹೆಸರಿಡುವ ದಿನ ಗೊತ್ತಾಗಿತ್ತು. ಕೆ.ಆರ್. ನಗರದಿಂದ ಬೀಗರು ಬರುವವರಿದ್ದರು. ಅವರೆಲ್ಲರ ಎದುರು ಮುತ್ತಜ್ಜಿಯೇ ಮರಿಮೊಮ್ಮಗಳನ್ನು ತೊಟ್ಟಿಲಿಗೆ ಹಾಕದೆ ದೂರ ಕೂತರೆ ನನ್ನ ಮಾನ ಹೋಗುವುದು ಹಾಗಿರಲಿ, ಅವರ ಜೀವ ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಬೆಡ್‌ಶೀಟ್ ಆಗದಂಥ ಒಂದು ಬೊಂತೆಯನ್ನು ನಾನು ಹೊಲಿಯಲೇಬೇಕಾಯಿತು.

ಸೀರೆಗಳು ಬಂದವು. ಎಚ್.ಡಿ. ಕೋಟೆಯ ನಾದಿನಿ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಕಟ್ಟು ಕಳಿಸಿದಳು. ಅತ್ತೆ ತಮ್ಮ ನೀಲಿ ಸುಂಗಡಿ ಸೀರೆಯನ್ನು ತಂದು ಅದರ ಮೇಲೆ ಹಾಕಿ ಹೋದರು. ಮೊದಲು ಒಂದು ಸಣ್ಣ ತುಂಡಿನ ಮೇಲೆ ಪರೀಕ್ಷೆ ನಡೆಸಿದೆ. ಸೂಜಿಯ ಕೆಳಗೆ ಬಟ್ಟೆಯನ್ನು ಅದುಮಿ ಹಿಡಿಯುವ, ರವಿಕೆ ಹೊಲಿಯುವ ಮಾಮೂಲಿ ಪಾದದಲ್ಲೇ ನಾಲ್ಕು ಪದರ ಇಟ್ಟು ತುಳಿದೆ. ಮಿಷನ್ನಿನ ಹಲ್ಲು ಇರುವುದು ಕೆಳಗೆ. ಅದು ಕೆಳಗಿನ ಬಟ್ಟೆಯನ್ನು ಕಚ್ಚಿಕೊಂಡು ಹೊರಟಿತು, ಮೇಲಿನ ಬಟ್ಟೆ ಬರುವುದಿಲ್ಲ ಎಂದು ಹಟ ಹಿಡಿಯಿತು. ಗೆರೆ ಮುಗಿಯುವಾಗ ಕೆಳಗಿನದು ಊರು ಸೇರಿತ್ತು, ಮೇಲಿನದು ನಾಲ್ಕು ಬೆರಳು ಹಿಂದೆ ಸುಕ್ಕುಗಟ್ಟಿ ಕೂತಿತ್ತು. ಅತ್ತೆ ನೀರು ಕುಡಿಯುವ ನೆಪದಲ್ಲಿ ಬಂದು ನೋಡಿ, ಎಲೆಕೋಸಿನ ಹಾಗಿದೆ ಎಂದು ಹೇಳಿ ಹೋದರು. ಯಜಮಾನರು ಪೇಪರಿನಿಂದ ತಲೆಯೆತ್ತಿ, ದಬ್ಬಳ ತಂದುಕೊಡಲಾ ಎಂದರು.

ಆಮೇಲೆ ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ದೇಶದ ಹೆಂಗಸು, ನಮ್ಮ ಬೀದಿಯಷ್ಟು ದೊಡ್ಡ ಕೋಣೆಯಲ್ಲಿ ಕೂತು, ಸುಕ್ಕೇ ಇಲ್ಲದೆ ದಪ್ಪ ಕೌದಿ ಹೊಲಿಯುತ್ತಿದ್ದಳು. ಅವಳ ಮಿಷನ್ನಿನ ಪಾದ ಮಾತ್ರ ಬೇರೆ ಥರ ಇತ್ತು. ವಾಕಿಂಗ್ ಫುಟ್ ಅಂತೆ. ಅದಕ್ಕೆ ಅಡಿಯಲ್ಲಿ ತನ್ನದೇ ಹಲ್ಲುಗಳಿವೆ. ಸೂಜಿ ಏರಿದಾಗ ಪಾದವೂ ಏರಿ, ಒಂದು ಹೆಜ್ಜೆ ಇಟ್ಟು, ಮೇಲಿನ ಬಟ್ಟೆಯನ್ನೂ ಕಚ್ಚಿ ತಳ್ಳುತ್ತದೆ. ಮೇಲಿನದು, ಕೆಳಗಿನದು ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ನಾನು ಅದೇ ದಿನ ಒಂದನ್ನು ತರಿಸಲು ಆರ್ಡರ್ ಹಾಕಿದೆ.

ಪಾರ್ಸೆಲ್ ಬಿಚ್ಚಿದರೆ ಒಳಗಿದ್ದದ್ದು ಇಲಿ ಹಿಡಿಯುವ ಬೋನಿನ ಹಾಗಿತ್ತು. ಪಕ್ಕದಲ್ಲಿ ಒಂದು ಕವಲುಕಡ್ಡಿ, ಅದನ್ನು ಸೂಜಿಯ ಸ್ಕ್ರೂವಿಗೆ ಸಿಕ್ಕಿಸಬೇಕು. ನನ್ನ ಮಿಷನ್ನಿಗೆ ಅದು ಕೂರಲೇ ಇಲ್ಲ. ಬಜಾರಿನಲ್ಲಿ ಮಿಷನ್ ರಿಪೇರಿ ಮಾಡುವ ಭಾಯಿಯ ಹತ್ತಿರ ತೆಗೆದುಕೊಂಡು ಹೋದೆ. ಇಪ್ಪತ್ತು ವರ್ಷದಿಂದ ನನ್ನ ಮಿಷನ್ನನ್ನೂ ನನ್ನ ಬಾಯನ್ನೂ ಬಲ್ಲ ಮನುಷ್ಯ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅರದಲ್ಲಿ ಎರಡು ಸಲ ಉಜ್ಜಿ, ಒಂದು ವಾಷರ್ ಕೊಟ್ಟು ಕೂರಿಸಿದರು. ಒಂದೇ ಎಚ್ಚರಿಕೆ ಹೇಳಿದರು. ಇದು ಓಡುವ ಪಾದವಲ್ಲ, ನಡೆಯುವ ಪಾದ. ಕೋಪದಲ್ಲಿ ಇದ್ದಾಗ ಹೊಲಿಯಲು ಕೂರಬೇಡಿ ಎಂದರು.

ಆ ಪಾದದ ಸದ್ದು ಮಾತ್ರ ಕೇಳಲಾಗದು. ಟಕಟಕ ಟಕಟಕ ಎಂದು ಮನೆಯೆಲ್ಲ ಕುಟ್ಟಿದ ಹಾಗೆ. ಬಾಣಂತಿ ಇರುವ ಮನೆ, ಕೂಸು ಎದ್ದು ಕಿರುಚುತ್ತದೆ ಎಂದು ಹೆದರಿಕೊಂಡೇ ತುಳಿದೆ. ಆದದ್ದು ಉಲ್ಟಾ. ಗಂಟೆಗಟ್ಟಲೆ ತೂಗಿದರೂ ಮಲಗದ ಕೂಸು ಆ ಸದ್ದಿಗೆ ಕಣ್ಣು ಮುಚ್ಚಿತು. ನಿಲ್ಲಿಸಿದ ತಕ್ಷಣ ಎದ್ದು ಕಿರುಚಿತು. ಆಮೇಲೆ ನನ್ನ ಪಾಡು ಯಾರಿಗೂ ಬೇಡ. ಬಾಬಿನ್ನಿನಲ್ಲಿ ದಾರ ಮುಗಿದರೆ ಕೂಸು ಅಳುತ್ತದೆ. ಮೂಗು ಒರೆಸಿಕೊಳ್ಳಲು ನಿಲ್ಲಿಸಿದರೂ ಅಳುತ್ತದೆ. ಮಗಳು ಒಳಗಿನಿಂದ, “ಅಮ್ಮಾ, ಸುಮ್ನೆ ಏನಾದ್ರೂ ಹೊಲೀತಾ ಇರಮ್ಮ” ಎಂದು ಗೋಗರೆಯುತ್ತಾಳೆ. ಹಾಗೆ ಸುಮ್ಮನೆ ಹೊಲಿದದ್ದರಲ್ಲಿ ನಮ್ಮ ಮನೆಗೆ ಹನ್ನೊಂದು ಕಾಲೊರೆಸುವ ಬಟ್ಟೆಗಳಾದವು.

ಕೈ ಕುದುರಿದ ಮೇಲೆ ಮುಂದಿನ ಕೋಣೆಯ ಮಂಚ ಎತ್ತಿಸಿ ನೆಲದ ಮೇಲೆ ಬೊಂತೆ ಹಾಸಿದೆ. ಅಡಿಯಲ್ಲಿ ಅತ್ತೆಯ ಸುಂಗಡಿ, ನಡುವೆ ಎರಡು ಪದರ ಹಳೇ ಪಂಚೆ, ಮೇಲೆ ತುಂಡು ಜೋಡಿಸಿದ್ದು. ಪದರಗಳು ಜಾರದಿರಲು ಮನೆಯಲ್ಲಿದ್ದ ಪಿನ್ನುಗಳನ್ನೆಲ್ಲ ಚುಚ್ಚಿದೆ. ಯಜಮಾನರ ಪೈಜಾಮದ ಇಲಾಸ್ಟಿಕ್ ಹಿಡಿದಿದ್ದ ಪಿನ್ನೂ ಅದರಲ್ಲಿ ಸೇರಿತ್ತು ಎಂಬುದು ಅವರು ಬಾಗಿಲು ತೆಗೆಯಲು ಎದ್ದಾಗ ಎಲ್ಲರಿಗೂ ತಿಳಿಯಿತು.

ಜಗಳ ಹುಟ್ಟಿದ್ದು ಎಲ್ಲಿಂದ ಶುರು ಮಾಡಬೇಕು ಎಂಬಲ್ಲಿ. ಮಿಷನ್ನಿನಲ್ಲಿ ಹೊಲಿಯುವಾಗ ನಡುವಿನಿಂದ ಅಂಚಿಗೆ ಹೋಗಬೇಕು. ಆಗ ಸುಕ್ಕೆಲ್ಲ ಹೊರಕ್ಕೆ ಹೋಗುತ್ತದೆ. ಅಂಚಿನಿಂದ ಒಳಗೆ ಬಂದರೆ ನಡುವೆ ಪೂರಿಯ ಹಾಗೆ ಉಬ್ಬುತ್ತದೆ. ಇದನ್ನು ಅತ್ತೆಗೆ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ, ಹೊಟ್ಟೆಯನ್ನು ಮೊದಲೇ ಹೊಲಿದುಬಿಟ್ಟರೆ ರಾಗಿ ಎಲ್ಲಿ ತುಂಬುತ್ತೀಯ ಎಂದು. ಒಂದು ಮೂಲೆಯಲ್ಲಿ ನಾಲ್ಕು ಕಾಳು ಇಟ್ಟು ಹೊಲಿಯುತ್ತೇನೆ ಬಿಡಿ ಎಂದೆ.

“ಹೊಟ್ಟೆ ಮೂಲೇಲಿ ಇರ್ತದಾ?” ಎಂದರು ಅತ್ತೆ.

ನನಗೆ ರೇಗಿತು. ಇದು ಗೋಣಿಚೀಲವಲ್ಲ ಕಾಳು ತುಂಬೋಕೆ, ರಾಗಿ ಮೇಲೆ ಸೂಜಿ ಬಿದ್ದರೆ ಮುರಿಯುತ್ತದೆ, ರಾಗಿ ಬೇಡವೇ ಬೇಡ ಎಂದುಬಿಟ್ಟೆ. ಅತ್ತೆ ಸುಮ್ಮನಾದರು. ಒಪ್ಪಿದರು ಎಂದುಕೊಂಡೆ. ಮೂವತ್ತೊಂದು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಅಷ್ಟೂ ತಿಳಿಯಬಾರದೆ. ಅವರು ಬೈಯುತ್ತಿದ್ದರೆ ಭಯವಿಲ್ಲ, ಸುಮ್ಮನಿದ್ದರೆ ಏನೋ ಮಾಡುತ್ತಾರೆ ಎಂದೇ ಅರ್ಥ.

ಮಾರನೆಯ ದಿನ ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆ. ನಾನೂ ಯಜಮಾನರೂ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಗೆ ಬಂದೆವು. ಬಂದಾಗ ಅತ್ತೆ ಅಪರೂಪಕ್ಕೆ ಊಟದಲ್ಲಿ ಏನೇನು ಬಡಿಸಿದರು ಎಂದು ಪ್ರೀತಿಯಿಂದ ವಿಚಾರಿಸಿದರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಮರುದಿನ ಬೆಳಿಗ್ಗೆ ಕೆಲಸವೆಲ್ಲ ಮುಗಿಸಿ, ಬೊಂತೆಯ ಎರಡು ಪಕ್ಕವನ್ನೂ ಸುರುಳಿ ಸುತ್ತಿ ಮಿಷನ್ನಿನ ಕಂಕುಳಿಗೆ ತೂರಿಸಿ, ನಡುವಿಗೆ ಸರಿಯಾಗಿ ಪಾದ ಇಳಿಸಿ ತುಳಿದೆ. ಟಕಟಕ ಎಂದು ಹೊರಟ ಪಾದ ಒಂದು ಚೋಟು ನಡೆದು, ದಿಣ್ಣೆ ಹತ್ತಿದ ಹಾಗೆ ಮೇಲೆದ್ದಿತು. ಫಟ್ ಎಂದಿತು. ಸೂಜಿಯ ಮೊನೆ ಹಾರಿ ಬಂದು ನನ್ನ ಕನ್ನಡಕಕ್ಕೆ ಬಡಿಯಿತು.

ದಪ್ಪ ಹೆಚ್ಚಾಯಿತೇನೋ ಎಂದು ಹದಿನೆಂಟನೇ ನಂಬರಿನ ಸೂಜಿ ಹಾಕಿದೆ. ಅದೂ ಫಟ್. ಮೂರನೆಯದಕ್ಕೆ ಬಾಯಿಗೆ ಬಂದದ್ದೆಲ್ಲ ಅಂದು ಜೋರಾಗಿ ತುಳಿದೆ. ಆಗ ಮಿಷನ್ ನಿಂತೇಹೋಯಿತು. ಬೊಂತೆಯನ್ನು ಹೊರಕ್ಕೆಳೆದು ಒದರಿದರೆ ಅಂಚಿನಿಂದ ರಾಗಿ ಸುರಿಯಿತು. ಒಂದು ಹಿಡಿಯಲ್ಲ, ಮೂರು ಹಿಡಿ ಇರಬೇಕು. ಕೋಣೆಯ ತುಂಬ ಕೆಂಪು ಕಾಳು ಹರಿದಾಡಿತು. ಸದ್ದು ನಿಂತ ಕಾರಣಕ್ಕೆ ಕೂಸು ಎದ್ದು ಅಳಲು ಶುರು ಮಾಡಿತು. ಮಗಳು ಹೊರಗೆ ಬಂದು ನೆಲ ನೋಡಿ, ನಾನು ಕೇಳುವ ಮೊದಲೇ ಒಪ್ಪಿಕೊಂಡಳು. ಹಿಂದಿನ ದಿನ ಅಜ್ಜಿ ಎರಡು ಪಿನ್ನು ತೆಗೆದು, ಪದರದೊಳಗೆ ಭುಜದವರೆಗೂ ಕೈ ತೂರಿಸಿ, ಮೂರು ಸಲ ಹೋಗಿ ಬಂದರಂತೆ. ಅಮ್ಮನಿಗೆ ಹೇಳಿದರೆ ಕೂಸಿನ ಮೇಲಾಣೆ ಎಂದಿದ್ದರಂತೆ.

ಅತ್ತೆ ಜಗುಲಿಯ ಮೇಲೆ ಹುಣಸೆಹಣ್ಣಿನ ನಾರು ಬಿಡಿಸುತ್ತಾ ಕೂತಿದ್ದರು. ನಾನು ಮುರಿದ ಸೂಜಿಗಳನ್ನು ಅವರ ಮುಂದೆ ಹಿಡಿದೆ.

“ಅದ್ಕೇ ಕೈಯಾಗೆ ಹೊಲೀಬೇಕು ಅನ್ನೋದು” ಎಂದರು, ತಲೆ ಎತ್ತದೆ.

ಆಗ ನಾನು ಆಡಬಾರದ ಮಾತು ಆಡಿದೆ. “ನಿಮ್ ಕೈಲಿ ಆಗಲ್ಲ ಅಂತ್ಲೇ ಅಲ್ವಾ ನಾನು ಕೂತಿರೋದು?”

ಅತ್ತೆ ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಹಾಕಿದರು. ಅದು ಮೊರದ ಹೊರಗೆ ಬಿತ್ತು. ಎತ್ತಿ ಮತ್ತೆ ಹಾಕಿದರು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು. ನಾಲಿಗೆ ಕಚ್ಚಿಕೊಂಡೆ, ಪ್ರಯೋಜನವೇನು. ಸೂಜಿ ಮುರಿದಾಗ ಬಂದ ಕೋಪ ಅಷ್ಟರಲ್ಲಿ ಇಳಿದುಹೋಗಿ, ನನ್ನ ಮೇಲೇ ನನಗೆ ಅಸಹ್ಯವಾಗಿತ್ತು.

ಪಾದವನ್ನು ಬಿಚ್ಚಿಕೊಂಡು ಭಾಯಿಯ ಅಂಗಡಿಗೆ ಹೋದೆ. ಮನೆಯಲ್ಲಿ ಕೂರಲಾಗದೆ ಹೋದದ್ದು ಎಂದರೂ ಸರಿಯೇ. ಅವರು ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕುಟ್ಟಿದರು. ಪೇಪರಿನ ಮೇಲೆ ರಾಗಿ ಉದುರಿತು. ಇನ್ನೊಂದು ಸಲ ಕುಟ್ಟಿದರು, ಇನ್ನಷ್ಟು ಉದುರಿತು. ಬಹಳ ಗಂಭೀರವಾಗಿ, ಮಿಷನ್ನಿಗೆ ದಿನಾ ಇದೇ ಊಟವೋ ಅಥವಾ ಹಬ್ಬದ ದಿನ ಮಾತ್ರವೋ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿಕೊಂಡೆ, ಆಡಬಾರದ ಮಾತು ಆಡಿದ್ದನ್ನೂ ಹೇಳಿದೆ. ಅವರು ಬ್ರಷ್ಷಿನಲ್ಲಿ ಹಲ್ಲುಗಳನ್ನು ತಿಕ್ಕುತ್ತಾ ಕೇಳಿಸಿಕೊಂಡರು.

“ಹೊಟ್ಟೆ ಸುತ್ತ ಹೊಲೀರಿ ಅಕ್ಕ, ಹೊಟ್ಟೆ ಮೇಲೆ ಯಾಕೆ ಹೋಗ್ತೀರಿ? ಮಿಷನ್ ನೀವು ನಿಲ್ಸಿದ ಕಡೆ ನಿಲ್ತದೆ” ಎಂದರು.

ಇಪ್ಪತ್ತೆಂಟು ವರ್ಷದಿಂದ ಹೊಲಿಯುತ್ತಿರುವ ನನಗೆ ಇದು ಹೊಳೆಯಲಿಲ್ಲವಲ್ಲ. ನಡುವೆ ಅಂಗೈಯಗಲ ಬಿಟ್ಟು, ಅದರ ಸುತ್ತ ಚೌಕ ಹೊಲಿದು, ಚೌಕದ ಸುತ್ತ ಚೌಕ ಹಾಕುತ್ತಾ ಅಂಚಿಗೆ ಹೋದರಾಯಿತು. ಅತ್ತೆ ಒಳಕ್ಕೆ ಬರುವ ದಾರಿಯಲ್ಲೇ ನಾನು ಹೊರಕ್ಕೆ ಹೋಗುವುದು, ಅಷ್ಟೇ.

ಮನೆಗೆ ಬಂದವಳು ಕ್ಷಮಿಸಿ ಎಂದು ಹೇಳಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಹೇಳಿ ಅಭ್ಯಾಸವಿಲ್ಲ. ಬೊಂತೆಯನ್ನು ಮತ್ತೆ ಹಾಸಿ, ಅತ್ತೆಯನ್ನು ಕರೆದು, ನಡುವೆ ಕೈ ಇಡಿ, ಎಷ್ಟು ಜಾಗ ಬಿಡಬೇಕು ಗುರುತು ಮಾಡಿಕೊಳ್ಳುತ್ತೇನೆ ಎಂದೆ. ಅವರು ಸೆರಗಿನಿಂದ ಕೈ ತೆಗೆದು ಇಟ್ಟರು. ನಾನು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಕೈ ನಡುಗುತ್ತಿದ್ದುದರಿಂದ ಗೆರೆಯೂ ನಡುಗಿತು. ಎತ್ತಿ ನೋಡಿದರೆ ಆರು ಬೆರಳು ಬಂದಿದ್ದವು. ಮಗಳು ಎಣಿಸಿ ಹೇಳಿದಳು. ಅತ್ತೆ ಬಗ್ಗಿ ತಾವೂ ಎಣಿಸಿದರು. ಈ ಸಲ ಅವರೇ ಮೊದಲು ನಕ್ಕರು.

ಆಮೇಲೆ ಹನ್ನೆರಡು ದಿನ ಆ ಪಾದ ಬೊಂತೆಯ ಮೇಲೆ ನಡೆಯಿತು. ಎರಡು ಬೆರಳಿಗೊಂದು ಗೆರೆ. ಎಷ್ಟು ಒದರಿದ್ದರೂ ಪದರದೊಳಗೆ ಅಲ್ಲಲ್ಲಿ ರಾಗಿ ಉಳಿದಿತ್ತು. ಹೊಲಿಯುವಾಗ ಚಿಟ್ ಎಂದು ಕಾಳು ಸಿಡಿಯುತ್ತಿತ್ತು, ಕೆಲವು ಉರುಳಿ ಹೋಗಿ ಗೆರೆಗಳ ಪಕ್ಕದಲ್ಲಿ ಸಾಲಾಗಿ ಕೂರುತ್ತಿದ್ದವು. ಬಿಚ್ಚಿ ತೆಗೆಯಲು ಪುರುಸೊತ್ತಿರಲಿಲ್ಲ, ಹಾಳಾಗಿ ಹೋಗಲಿ ಎಂದು ಬಿಟ್ಟೆ. ಕೂಸು ದಿನವೂ ಸೊಗಸಾಗಿ ನಿದ್ದೆ ಮಾಡಿತು.

ಹೆಸರಿಡುವ ಹಿಂದಿನ ದಿನ ನಡುವಿನ ಹೊಟ್ಟೆಯ ಬಾಯಿ ಮಾತ್ರ ಉಳಿದಿತ್ತು. ಅತ್ತೆ ಮೊರದಲ್ಲಿ ರಾಗಿ ಕೇರಿ ತಂದು ಒಂದೇ ಹಿಡಿ ತುಂಬಿದರು. ಸೂಜಿ ಕೊಟ್ಟೆ. ಬೆರಳಲ್ಲಿ ನಿಲ್ಲಲಿಲ್ಲ. ದಪ್ಪದು ಕೊಟ್ಟೆ. ಅದೂ ಜಾರಿತು. ಮೂರನೆಯ ಸಲ ಜಾರಿದಾಗ ಅತ್ತೆಯ ತುಟಿ ಬಿಗಿಯಾಯಿತು. ನೀನೇ ಹೊಲಿ ಎಂಬ ಮಾತು ಇನ್ನೇನು ಬರುತ್ತದೆ ಎಂದು ನಾನು ಉಸಿರು ಹಿಡಿದು ಕೂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಯಜಮಾನರು ತಮ್ಮ ಜೀವಮಾನದ ಮಾತನ್ನೇ ಮತ್ತೆ ಆಡಿದರು.

“ದಬ್ಬಳ ತಂದ್ಕೊಡ್ಲೇನವ್ವ?”

ಮೊದಲ ಬಾರಿಗೆ ಯಾರೂ ಅವರನ್ನು ಬೈಯಲಿಲ್ಲ. ಅಂಗಡಿಗೆ ಹೋಗಿ ತಂದರು. ಗೇಣುದ್ದದ ಆ ದಬ್ಬಳವನ್ನು ಅತ್ತೆ ಮುಷ್ಟಿಯಲ್ಲಿ ಹಿಡಿದುಕೊಂಡರು. ಮುಷ್ಟಿಯಲ್ಲಿ ಹಿಡಿದದ್ದು ಅಷ್ಟಾಗಿ ನಡುಗಲಿಲ್ಲ. ಆರೆಳೆ ದಾರ ಹಾಕಿ ಏಳು ಹೊಲಿಗೆ ಹಾಕಲು ಅವರಿಗೆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಒಂದು ಹೊಲಿಗೆ ಪೂರ್ವಕ್ಕೆ ಹೋಗಿತ್ತು, ಒಂದು ಪಶ್ಚಿಮಕ್ಕೆ. ನನ್ನ ಕೈ ತುರಿಸುತ್ತಿತ್ತು, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಬೇರೆಯವರ ಹೊಲಿಗೆ ನೋಡಿಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದ ಮಧ್ಯಾಹ್ನ ಅದೊಂದೇ.

ಹೆಸರಿಡುವ ದಿನ ಬೀಗರು ಬಂದರು. ಅತ್ತೆ ಬೊಂತೆಯನ್ನು ಮಗುಚಿ ನೋಡಿದರು, ಅಂಚು ಹಿಡಿದು ಜಗ್ಗಿದರು. ಎಲ್ಲರೂ ಕಾಯುತ್ತಾ ನಿಂತೆವು. ಕೊನೆಗೆ ತಾವೇ ಅದನ್ನು ತೊಟ್ಟಿಲಿಗೆ ಹಾಸಿ, ಕೂಸನ್ನು ಇಳಿಸಿದರು. ಅವರ ಕೈ ಜಾರದಿರಲೆಂದು ನಾನು ಕೆಳಗಿನಿಂದ ಕೈ ಕೊಟ್ಟಿದ್ದು ಹೂವಿನ ಹಾರಗಳ ನಡುವೆ ಯಾರಿಗೂ ಕಾಣಲಿಲ್ಲ. ಬೀಗಿತ್ತಿ ಬೊಂತೆಯನ್ನು ಮುಟ್ಟಿ, ಯಾರು ಹೊಲಿದದ್ದು ಎಂದು ಕೇಳಿದರು.

“ಹೊಟ್ಟೆ ನಂದು. ಮಿಕ್ಕಿದ್ದು ಬೆಡ್‌ಶೀಟು” ಎಂದರು ಅತ್ತೆ.

ಹನ್ನೆರಡು ದಿನ ಸೊಂಟ ಮುರಿದುಕೊಂಡವಳಿಗೆ ಸಿಕ್ಕ ಬಹುಮಾನ ಅದು. ತೊಟ್ಟಿಲು ಮುಟ್ಟಿದರಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಸಮಾಧಾನ ಆಗಿರಲಿಲ್ಲ. ಎರಡು ದಿನ ಅತ್ತೆಗೆ ತುಂಬಿದ ಲೋಟದಲ್ಲೇ ಕಾಫಿ ಕೊಟ್ಟೆ.

ಆಷಾಢ ಹುಟ್ಟುವ ಮೊದಲೇ ಮಗಳು ಕೂಸನ್ನು ಎತ್ತಿಕೊಂಡು ಕೆ.ಆರ್. ನಗರಕ್ಕೆ ಹೋದಳು, ಬೊಂತೆಯೂ ಹೋಯಿತು. ಆಷಾಢದ ಜಡಿ ಹಿಡಿಯಿತು. ಒಂದು ದಿನ ಮಗಳು ವಿಡಿಯೋ ಕಾಲ್ ಮಾಡಿ, ಅಮ್ಮಾ ಬೇಗ ನೋಡು, ಏನೋ ಆಗಿದೆ ಎಂದಳು. ಕೂಸಿಗೆ ಏನಾಯಿತೋ ಎಂದು ಮಿಷನ್ ಬಿಟ್ಟು ಎದ್ದುನಿಂತೆ. ಕೂಸಿಗೆ ಏನೂ ಆಗಿರಲಿಲ್ಲ. ಕೂಸು ಉಚ್ಚೆ ಮಾಡಿದ ಬೊಂತೆಯನ್ನು ಒಗೆದು, ಬಿಸಿಲಿಲ್ಲದೆ ಒಣಗದ ಕಾರಣ, ಹಸಿಯನ್ನೇ ಮಡಿಚಿ ಬಾಗಿಲ ಹಿಂದೆ ಹಾಕಿ ನಾಲ್ಕು ದಿನ ಮರೆತಿದ್ದಾಳೆ. ಬಿಚ್ಚಿದರೆ ಬೊಂತೆ ಮೊಳಕೆ ಬಂದಿದೆ.

ಅತ್ತೆಯನ್ನು ಕೂಗಿ ಕರೆದು ಫೋನು ಮುಂದೆ ಹಿಡಿದೆ. ನಡುವೆ, ಅವರ ಏಳು ಹೊಲಿಗೆಗಳ ಸಂದಿಯಿಂದ ಗುಪ್ಪೆಯಾಗಿ ಪೈರು ಎದ್ದಿತ್ತು. ಅದರ ಸುತ್ತ, ನಾನು ಹಾಳಾಗಿ ಹೋಗಲಿ ಎಂದು ಬಿಟ್ಟಿದ್ದ ಕಾಳುಗಳು ನನ್ನ ಸೂಜಿ ಮಾಡಿದ ತೂತುಗಳಲ್ಲಿ ತಲೆ ತೂರಿಸಿ, ಗೆರೆಗೆರೆಗೂ ನಿಂತಿದ್ದವು. ಎಳೆಯ ಹಸಿರು, ಎರಡು ಬೆರಳಿಗೊಂದು ಸಾಲು. ಮಗಳು ಅಳುವ ದನಿಯಲ್ಲಿ, ಬೊಂತೆ ಹಾಳಾಯಿತು ಅಜ್ಜಿ ಎನ್ನುತ್ತಿದ್ದಳು.

ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ಅವರ ಕೈಯಲ್ಲಿ ಅದುರುತ್ತಿತ್ತು, ಕಣ್ಣಿಗೆ ತೀರಾ ಹತ್ತಿರ ಹಿಡಿದು, ತಲೆ ಓರೆ ಮಾಡಿ, ಹೊಲದ ಬದುವಿನಲ್ಲಿ ನಿಂತವರ ಹಾಗೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಬೆಡ್‌ಶೀಟ್ನಾಗೆ ಎಲ್ಲಾರಾ ಪೈರು ಬಂದದಾ? ಬೊಂತೇನೆ ಇದು” ಎಂದು ಮಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ಸಾಲು ಚೆಂದಾಗದೆ ಕಣವ್ವ.”

ಎಮ್ಮೆ ಆದ ಮೇಲೆ, ಎಕ್ಸ್‌ರೇ ಆದ ಮೇಲೆ, ಮೂರನೆಯದು ನನಗೆ ಬಂತು. ಕಾಫಿ ಕೊಡುತ್ತೇನೆ ಎಂದು ಒಳಗೆ ಹೋದೆ. ಕಣ್ಣು ಒರೆಸಿಕೊಂಡು, ಲೋಟ ಅರ್ಧವೇ ತುಂಬಿಸಿ ತಂದುಕೊಟ್ಟೆ.